ಗೋಂದಕ್ಕನ ಖಾಲಿ ಹಾಳೆಗಳು

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಅಂಟಿಸಿ ಹೊಲಿಯುತ್ತಿದ್ದವಳನ್ನು ಎಲ್ಲರೂ ಗೋಂದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಕೆಲಸ. ಬೆಳಿಗ್ಗೆ ಕಾವಲುಗಾರನಿಗೆ "ಬೀಗದ ಕೈ ಕೊಡಪ್ಪಾ" ಅಂದರೆ, ಸಂಜೆ "ತಗೋಪ್ಪಾ" ಅನ್ನುವವರೆಗೆ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಮನೆಗೆ ಹೋದರೂ ಅಷ್ಟೇ. ಒಂದು ಕೋಣೆ, ಒಂದು ತಟ್ಟೆ.

ಆ ವರ್ಷ, ತೀರಿಕೊಂಡು ಅರವತ್ತು ವರ್ಷವಾದ ಒಬ್ಬ ನರ್ಸಮ್ಮನ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಬಂತು. ಗೋಂದಕ್ಕ ಹಾಳೆಗಳ ಫೋಟೋ ತೆಗೆಯಬೇಕು, ಬೇರೊಂದು ಊರಿನ ಪ್ರೊಫೆಸರಮ್ಮ ಓದಿ ಬರೆಯಬೇಕು, ಮತ್ತೊಂದು ಊರಿನ ಇಂಜಿನಿಯರು ವೆಬ್‌ಸೈಟ್ ಮಾಡಬೇಕು. ಒಬ್ಬರ ಮುಖ ಒಬ್ಬರು ಕಂಡವರಲ್ಲ. 'ನಲವತ್ತು ಬಂತು', 'ಮೂವತ್ತು ಕಳಿಸಿ', ಫೋನಿನಲ್ಲಿ ಇಷ್ಟೇ ಮಾತು.

ಒಂದು ಶುಕ್ರವಾರ ಇಂಜಿನಿಯರು ಧ್ವನಿ ಸಂದೇಶ ಕಳಿಸಿದ. "ಅಕ್ಕಾ, ಹನ್ನೊಂದು ಬರೀ ಖಾಲಿ ಹಾಳೆ ಕಳ್ಸಿದ್ದೀರಲ್ಲ? ನಾಳೆ ಗೋಡೆ ಫೋಟೋನೂ ಕಳಿಸ್ತೀರೋ ಹೇಗೆ? ತೆಗೆದುಹಾಕ್ತಿದ್ದೀನಿ. ಸೋಮವಾರ ಮುಗಿಸ್ಬೇಕು, ಆಮೇಲೆ ಏನೂ ಸೇರ್ಸಕ್ಕಾಗಲ್ಲ."

ಗೋಂದಕ್ಕ ಆ ಹನ್ನೊಂದು ಹಾಳೆಗಳನ್ನು ಮತ್ತೆ ಹೊರಗಿಟ್ಟಳು. ಅವು ಖಾಲಿಯಲ್ಲ. ನರ್ಸಮ್ಮನದು ಪೆನ್ಸಿಲ್ ಒತ್ತಿ ಬರೆಯುವ ಕೈ. ಪ್ರತಿ ಪತ್ರಕ್ಕೂ ಅಡಿಗೊಂದು ಹೊಸ ಹಾಳೆ ಇಟ್ಟುಕೊಳ್ಳುತ್ತಿದ್ದಳು. ಪತ್ರಗಳು ಅಂಚೆಯಲ್ಲಿ ಹೋದವು, ಒಂದೂ ಸಿಕ್ಕಿರಲಿಲ್ಲ. ಅಡಿಹಾಳೆಯಲ್ಲಿ ಅಕ್ಷರದ ಗುಳಿ ಉಳಿದಿತ್ತು. ಗೋಂದಕ್ಕನ ಬೆರಳಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಆದರೆ ಹೇಳಿಕೊಟ್ಟಂತೆ ದೀಪದ ಬೆಳಕನ್ನು ನೇರ ಮೇಲಿಂದ ಬಿಟ್ಟು ಫೋಟೋ ತೆಗೆದಿದ್ದಳು. ಗುಳಿಯ ನೆರಳೇ ಬಿದ್ದಿರಲಿಲ್ಲ. ಪ್ರತಿ ಫೋಟೋ ಜೊತೆ ಟಿಪ್ಪಣಿ ಬರೆಯಲು ಇದ್ದ ಜಾಗವನ್ನು, ಓದಿದವರು ನಕ್ಕಾರೆಂದು ಹಾಗೇ ಬಿಟ್ಟಿದ್ದಳು.

ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಬಿಟ್ಟು, ಒಂದು ಹಾಳೆಯ ಫೋಟೋ ತೆಗೆದು ಪ್ರೊಫೆಸರಮ್ಮನಿಗೆ ಕಳಿಸಿದಳು. ಕೂಡಲೇ ಫೋನು ಬಂತು.

"ಅಯ್ಯೋ, ಇದು ಓದಕ್ಕೆ ಬರತ್ತೆ! ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀವು ಓದಿದೋರು, ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ ಮೇಡಂ."

"ನಾನು ಹಾಳೆ ಮುಟ್ಟೇ ಇಲ್ವಲ್ಲಮ್ಮಾ. ಮುಟ್ಟಿದೋರು ನೀವೊಬ್ರೇ."

ಶನಿವಾರ ಹನ್ನೊಂದರ ಫೋಟೋವನ್ನೂ ಹಾಗೇ ಮತ್ತೆ ತೆಗೆದು ಇಬ್ಬರಿಗೂ ಕಳಿಸಿದಳು. ಮಧ್ಯಾಹ್ನ ಇಂಜಿನಿಯರೇ ಕರೆ ಮಾಡಿದ. "ತಪ್ಪಾಯ್ತಕ್ಕಾ. ಟಿಪ್ಪಣಿ ನೀವು ಹೇಳಿ, ನಾನು ಟೈಪ್ ಮಾಡ್ತೀನಿ."

ಎಲ್ಲಿ ಒತ್ತು ಜಾಸ್ತಿ, ಎಲ್ಲಿ ಮೊನೆ ಹಾಳೆಯನ್ನೇ ತೂತು ಮಾಡಿದೆ, ಒಂದೊಂದಾಗಿ ಹೇಳಿದಳು. ಅವನು ನಡುನಡುವೆ "ಹೂಂ, ಆಮೇಲೆ?" ಅನ್ನುತ್ತಿದ್ದ. ಹಾಗೆ ಅವಳನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ.

"ಮುಗೀತಲ್ಲಾ ಅಕ್ಕಾ? ಫೋನ್ ಇಡ್ಲಾ?"

"ಇರಪ್ಪಾ, ಕೊನೇದನ್ನ ಇನ್ನೊಂದ್ಸಲ ನೋಡಿ ಹೇಳ್ತೀನಿ," ಎಂದಳು. ಅದರಲ್ಲಿ ನೋಡುವುದು ಏನೂ ಉಳಿದಿರಲಿಲ್ಲ.