ಮೊದಲ ಭಿಕ್ಷೆಯ ಅಕ್ಕಿ

ತಿರುವನಂತಪುರದ ಪಟ್ಟಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಶಂಕರಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಇಟ್ಟಿದ್ದಳು. ಅದರೊಳಗೆ ಬೆಳ್ತಿಗೆ ಅಕ್ಕಿ ಇತ್ತು. ಅಂಥ ಅಕ್ಕಿ ಅಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲವೆಂದಲ್ಲ. ಆದರೆ ಇದು ಕಾಸರಗೋಡಿನ ಹತ್ತಿರ ಅವಳ ತವರಿನ ಗದ್ದೆಯಲ್ಲಿ ಬೆಳೆದದ್ದು. ವರ್ಷಕ್ಕೊಮ್ಮೆ ಅಣ್ಣ ಉಪೇಂದ್ರ ಹೊಸ ಅಕ್ಕಿ ತಂದಾಗ ಹಳೆಯದರಲ್ಲಿ ಪಾಯಸ ಮಾಡಿ, ಡಬ್ಬಿಯನ್ನು ಬಿಸಿಲಿಗೆ ಒಣಗಿಸಿ, ಹೊಸದನ್ನು ತುಂಬಿಸಿಡುತ್ತಿದ್ದಳು.

ಯಾತಕ್ಕೆ ಎಂದು ಒಮ್ಮೆ ಕೇಳಿದೆ.

“ಮೋಹನನ ಉಪನಯನಕ್ಕೆ ಅಕ್ಕ. ಮೊದಲ ಭಿಕ್ಷೆ ನಾನು ಹಾಕಬೇಕಲ್ಲ.”

“ನಿನ್ನ ಯಜಮಾನರು ಒಪ್ಪಿದ್ರಾ?”

“ಇಲ್ಲ,” ಎಂದು ನಕ್ಕಳು. “ಅಕ್ಕಿ ಇಡುದಕ್ಕೆ ಒಪ್ಪಿಗೆ ಎಂತಕ್ಕೆ?”

ಉಪನಯನದ ದಿನ ಹುಡುಗ ಮೊದಲು ಕೈಯೊಡ್ಡುವುದು ತಾಯಿಯ ಮುಂದೆ. ತಾಯಿ ಅವನ ಬಟ್ಟಲಿಗೆ ಅಕ್ಕಿ ಸುರಿಯುತ್ತಾಳೆ. ತಾಯಿ ಇಲ್ಲದವನಿಗೆ ದೊಡ್ಡಮ್ಮನೋ ಅತ್ತೆಯೋ ಹಾಕುತ್ತಾರೆ. ಉಪೇಂದ್ರನಿಗೆ ಹಾಗೆಯೇ ಆಗಿತ್ತು. ಆಗ ಶಂಕರಿ ಲಂಗ ಉಡುವ ಹುಡುಗಿ. “ದೊಡ್ಡಮ್ಮ ಅಕ್ಕಿ ಹಾಕುವಾಗ ಅಣ್ಣ ಬಟ್ಟಲು ನೋಡ್ಲಿಲ್ಲ ಅಕ್ಕ. ಅವರ ಬೆನ್ನ ಹಿಂದಿನ ಬಾಗಿಲು ನೋಡ್ತಾ ಇದ್ದ. ಯಾರೋ ಬರ್ಲಿಕ್ಕಿದ್ದಾರೆ ಅಂತ,” ಎಂದು ಅವಳು ಹೇಳಿದ್ದು ನನಗೆ ನೆನಪಿದೆ. ತನ್ನ ಮಗ ಹಾಗೆ ಬಾಗಿಲು ನೋಡಬಾರದು ಎಂಬುದೊಂದೇ ಅವಳ ಆಸೆ. ಬೇರೆ ಆಸೆಗಳನ್ನು ಅವಳ ಬಾಯಲ್ಲಿ ನಾನು ಕೇಳಿಲ್ಲ.

ಅವಳ ಗಂಡ ಯಜ್ಞನಾರಾಯಣರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಪುರೋಹಿತರ ಮನೆಯಲ್ಲಿ ಹುಟ್ಟಿದವರು. ಅವರ ಮನೆಯಲ್ಲಿ ದೇವರ ಪಟವಿಲ್ಲ, ದೀಪವಿಲ್ಲ, ಗೋಡೆಯ ಮೇಲೆ ಕ್ಯಾಲೆಂಡರ್ ಕೂಡ ಔಷಧದ ಕಂಪನಿಯದು. ಒರಟರಲ್ಲ. ಹೆಂಡತಿ ಸುಸ್ತಾಗಿ ಮಲಗಿದ ದಿನ ತಾವೇ ಗಂಜಿ ಬೇಯಿಸಿ, ಚಟ್ನಿ ಅರೆದು, ಮಗನ ಅಂಗಿಗೆ ಗುಂಡಿ ಹೊಲಿದು ಕಚೇರಿಗೆ ಹೋಗುವವರು. ಅವರು ದೇವರನ್ನು ಬಿಟ್ಟದ್ದು ಪುಸ್ತಕ ಓದಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲವೆಂದು ಶಂಕರಿ ಹೇಳಿದಳು. ಅವರು ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿಯ ತಲೆ ಬೋಳಿಸಲು ಬಂದವನ ಮುಂದೆ ಆಕೆ ಕೂರಲು ಒಪ್ಪದೆ ಎದ್ದೆದ್ದು ಹೋಗುತ್ತಿದ್ದಳಂತೆ. ಮಗ ಕೈ ಹಿಡಿದರೆ ಕೂರುತ್ತಾಳೆ ಎಂದು ಹಿರಿಯರು ಅವರನ್ನು ಎದುರಿಗೆ ಕೂರಿಸಿದರು. ಕೂತಳು. ಅವರು ಕೊನೆಯ ತನಕ ಕೈ ಹಿಡಿದುಕೊಂಡೇ ಇದ್ದರು.

ಮಂಗಳೂರಿನಲ್ಲಿ ಓದುವಾಗ ಅವರು ಜನಿವಾರ ತೆಗೆದಿಟ್ಟರು. ಮಗ ಹುಟ್ಟಿದಾಗ ಹೆಂಡತಿಗೆ ಹೇಳಿದರು: “ನೀನು ನಿನಗೆ ಬೇಕಾದ ಹಾಗೆ ಇರು, ನಾನು ತಡೆಯುದಿಲ್ಲ. ಇವನ ಕಿವಿಗೆ ಮಾತ್ರ ಯಾರೂ ಏನೂ ಊದಬಾರದು. ದೊಡ್ಡವನಾಗಿ ಅವನಿಗೇ ಬೇಕು ಅನಿಸಿದರೆ ತೆಗೆದುಕೊಳ್ಳಲಿ.” ಅವಳು ಆಗಲಿ ಎಂದಳು. ದೇವರ ಹೆಸರಲ್ಲ ಎಂದು ಅವರು ಮಗುವಿಗೆ ಮೋಹನ ಎಂದಿಟ್ಟರು. ಕೃಷ್ಣನಿಗೂ ಆ ಹೆಸರಿದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.

ಆಡಿದ ಮಾತನ್ನು ಶಂಕರಿ ಉಳಿಸಿಕೊಂಡಳು. ಸಂಜೆ ನಮ್ಮ ಮನೆಗೆ ಬಂದು ದೇವರ ಕೋಣೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವಳು. ಮಗ ಹೊರಗೆ ಮೆಟ್ಟಿಲ ಮೇಲೆ ಕೂತಿರುವನು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಅವನನ್ನು ವರಾಂಡದಲ್ಲಿ ಬಿಡಬೇಕೆಂದು ತಂದೆ ಹೇಳಿ ಬಂದಿದ್ದರು. ಹಾಗಾಗಿ ಹೊರಗೆ ಕೂರುವುದು ಅವನಿಗೆ ಅಭ್ಯಾಸ. ಒಂದು ಸಂಜೆ ನಾನು ಬತ್ತಿ ಹೊಸೆಯುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಕೇಳಿದ.

“ದೊಡ್ಡಮ್ಮ, ನಿಮ್ಮ ದೇವರಿಗೆ ಮೆಟ್ಟಿಲ ತನಕ ಕಾಣ್ತದಾ?”

“ಕಾಣ್ತದೆ ಮಗ.”

ಸ್ವಲ್ಪ ಯೋಚಿಸಿದ. “ಅಪ್ಪನಿಗೆ ಹೇಳ್ಬೇಡಿ,” ಎಂದು ಹೋಗಿ ಮತ್ತೆ ಅಲ್ಲೇ ಕೂತ. ಈ ಸಲ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತ.

ಐವತ್ತೇಳನೇ ಇಸವಿಯಲ್ಲಿ ನಮ್ಮವರಿಗೆ ಮಟ್ಟಾಂಚೇರಿಯ ಬ್ಯಾಂಕಿಗೆ ವರ್ಗವಾಯಿತು. ನಾವು ಕೊಚ್ಚಿಗೆ ಬಂದೆವು. ಉಪೇಂದ್ರ ಇದ್ದದ್ದೂ ಅಲ್ಲೇ, ಕರಿಮೆಣಸಿನ ಉಗ್ರಾಣವೊಂದರಲ್ಲಿ ಬರವಣಿಗೆಯ ಕೆಲಸ. ಅವನ ಮನೆ ನಮ್ಮ ಬೀದಿಯ ಕೊನೆಗೆ. ಮರುವರ್ಷ ಬೇಸಿಗೆಗೆ ಮೊದಲು ಶಂಕರಿಯನ್ನು ಅಲ್ಲಿಗೆ ಕರೆದುಕೊಂಡು ಬಂದರು. ಚಿಕ್ಕಂದಿನ ಕೀಲುಜ್ವರ ಅವಳ ಹೃದಯವನ್ನು ಕೆಡಿಸಿತ್ತಂತೆ. ಪಟ್ಟಂನ ಮನೆಯಲ್ಲಿ ಹಗಲು ನೋಡಿಕೊಳ್ಳುವವರಿಲ್ಲ. ಡಾಕ್ಟರು ಆಸೆ ಕೊಟ್ಟಿರಲಿಲ್ಲ.

ಹಾಯಿ ಇಳಿಸಿದ ದೋಣಿಗಳ ಕಡೆಗೆ ಕಿಟಕಿ ಇದ್ದ ಕೋಣೆಯಲ್ಲಿ ಅವಳನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಊದಿ, ಬೆರಳಿಂದ ಒತ್ತಿದಲ್ಲಿ ಗುಳಿ ಬೀಳುತ್ತಿತ್ತು. ಬಟ್ಟೆಯ ಗಂಟಿನ ಜೊತೆ ಡಬ್ಬಿಯನ್ನೂ ತಂದಿದ್ದಳು. ಅದು ಮಂಚದ ಕೆಳಗಿತ್ತು.

ಉಪೇಂದ್ರನ ಹೆಂಡತಿ ಚಂದ್ರಾವತಿ ಕೈಯಲ್ಲಿ ಕೆಲಸ ಬಲ್ಲವಳು, ಬಾಯಿ ಸ್ವಲ್ಪ ಜೋರು. ನಾದಿನಿಯ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಉಪಾಯ ಹೇಳಿದಳು. “ಭಾವ ರಜೆ ಮುಗಿಸಿ ತಿರುವನಂತಪುರಕ್ಕೆ ಹೋಗ್ಲಿ. ಮಾಣಿ ಮೋಹನ ಇಲ್ಲೇ ಇದ್ದಾನೆ. ಭಟ್ರನ್ನು ಕರೆಸುವ, ಒಂದು ಬೆಳಿಗ್ಗೆಯಲ್ಲಿ ಮುಗಿಸುವ. ಅವರಿಗೆ ಗೊತ್ತಾಗುದು ಯಾವಾಗ? ಗೊತ್ತಾದ್ರೆ ಕಟ್ಟಿದ್ದನ್ನು ಬಿಚ್ಚಿಯಾರು, ಹಾಕಿದ ಭಿಕ್ಷೆ ವಾಪಾಸು ತೆಗೀಲಿಕ್ಕೆ ಆಗ್ತದಾ?”

“ಬೇಡ ಅತ್ತಿಗೆ,” ಎಂದಳು ಶಂಕರಿ. “ಅವರಿಂದ ಕದ್ದುಮುಚ್ಚಿ ಮಾಡಿದ್ರೆ ಅದು ಉಪನಯನ ಅಲ್ಲ, ಕಳ್ಳತನ. ನಾನೇ ಕೇಳ್ತೇನೆ.”

ರಜೆ ಮುಗಿಸಿ ಹೋಗಿದ್ದ ಯಜ್ಞನಾರಾಯಣರು ಮುಂದಿನ ಭಾನುವಾರ ಹೊಸ ಕೊಟ್ಟಾಯಂ ಮಾರ್ಗದ ರೈಲಿನಲ್ಲಿ ಬಂದು, ಎರ್ನಾಕುಳಂನಿಂದ ದೋಣಿಯಲ್ಲಿ ಹಿನ್ನೀರು ದಾಟಿ, ಬಟ್ಟೆಯ ಮೇಲೆಲ್ಲ ಕಲ್ಲಿದ್ದಲ ಮಸಿ ಹೊತ್ತು ಕೋಣೆಗೆ ಬಂದರು. ಅವಳು ನೀರು ಕುಡಿಯಲೂ ಬಿಡದೆ ಕೇಳಿದಳು. ಆಗ ನಾನು ಅಲ್ಲಿದ್ದೆ. ಎದ್ದು ಹೋಗಲು ಹೊರಟರೆ ಅವಳು ನನ್ನ ಸೆರಗು ಹಿಡಿದಳು.

“ಇಷ್ಟು ವರ್ಷ ನಿಮ್ಮ ಮಾತು ಮೀರಲಿಲ್ಲ. ಇದೊಂದು ಕೊಡಿ. ನಾನು ಕೂತಲ್ಲೇ ಹಾಕ್ತೇನೆ. ನಾಳೆಯೇ ಅವನು ಜನಿವಾರ ತೆಗೆದಿಡಲಿ, ನಾನು ಕೇಳುದಿಲ್ಲ.”

ಅವರು ಅವಳ ಕಾಲ ಹತ್ತಿರ ಕೂತರು. ಬಾಗಿಲಲ್ಲಿದ್ದ ಚಂದ್ರಾವತಿ ತಡೆಯಲಾರದೆ ಹೇಳಿದಳು.

“ಭಾವ, ನಿಮ್ಮ ಹೆಸರಿನಲ್ಲೇ ಯಜ್ಞವೂ ಉಂಟು, ನಾರಾಯಣನೂ ಉಂಟು. ಬಿಡುದಾದ್ರೆ ಮೊದಲು ಅದನ್ನು ಬಿಡಿ.”

“ಅದು ನನ್ನನ್ನು ಕೇಳದೆ ಇಟ್ಟದ್ದು ಚಂದ್ರಾವತಿ,” ಎಂದರು ಅವರು, ಸಿಟ್ಟಿಲ್ಲದೆ. “ನಾನು ಹೇಳುದೂ ಅದನ್ನೇ.” ಮತ್ತೆ ಹೆಂಡತಿಯ ಕಡೆ ತಿರುಗಿದರು. “ನನ್ನದಾದರೆ ನಾನು ಈಗಲೇ ಕೊಡ್ತಿದ್ದೆ ಶಂಕರಿ. ಇದು ಅವನದು. ಅವನನ್ನು ಕೇಳುವ. ಅವನು ಹೂಂ ಅಂದರೆ ನಾನೇ ಭಟ್ಟರ ಮನೆಗೆ ಹೋಗ್ತೇನೆ.”

ಶಂಕರಿಯ ಮುಖ ಅರಳಿತು. ಮಗ ಹೂಂ ಎನ್ನುವನೆಂದು ಅವಳಿಗೆ ಸಂಶಯವೇ ಇರಲಿಲ್ಲ. ನನಗೂ ಇರಲಿಲ್ಲ.

ಹಿತ್ತಲಲ್ಲಿದ್ದ ಮೋಹನನನ್ನು ಕರೆದರು. ಹನ್ನೊಂದರ ಹುಡುಗ, ಮೊಣಕಾಲು ದಪ್ಪ, ಉಳಿದದ್ದೆಲ್ಲ ಸಪೂರ. ಮಂಚದ ಎದುರು ನಿಂತ. ತಂದೆ ಅವನನ್ನು ಹತ್ತಿರ ಎಳೆದುಕೊಳ್ಳಲಿಲ್ಲ. ಮುಟ್ಟಿದರೆ ಅದೂ ಒತ್ತಾಯವಾದೀತು ಎಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಹಳ ನಿಧಾನವಾಗಿ ವಿವರಿಸಿದರು: ಉಪನಯನ ಎಂದರೆ ಹೀಗೆ, ಅಮ್ಮನಿಗೆ ಅದು ಬೇಕು, ಅಪ್ಪನಿಗೆ ಅದರಲ್ಲಿ ನಂಬಿಕೆಯಿಲ್ಲ, ನೀನು ಏನು ಹೇಳಿದರೂ ಇಬ್ಬರಿಗೂ ಸಿಟ್ಟಿಲ್ಲ. ನ್ಯಾಯವಾಗಿಯೇ ಹೇಳಿದರು. ತಮ್ಮ ಕಡೆಗೆ ಒಂದು ಮಾತನ್ನೂ ಜಾಸ್ತಿ ತೂಗಲಿಲ್ಲ.

ಹುಡುಗ ತಂದೆಯನ್ನು ನೋಡಲಿಲ್ಲ. ತಾಯಿಯ ಕತ್ತಿನಲ್ಲಿ ಹಾರುತ್ತಿದ್ದ ನರವನ್ನೇ ನೋಡುತ್ತಿದ್ದ. ಮನೆಯಲ್ಲಿ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುವುದು ಅವನ ರೂಢಿ. ಹಾಗೆಯೇ ಹೇಳಿದ.

“ವೇಂಡ.”

“ಯೋಚನೆ ಮಾಡು,” ಎಂದರು ತಂದೆ.

“ವೇಂಡ. ಎನಿಕ್ಕು ವೇಂಡ.” ನನಗೆ ಬೇಡ ಎಂದು ಈ ಸಲ ಗಟ್ಟಿಯಾಗಿ, ಬಹುತೇಕ ಅಪ್ಪಣೆ ಕೊಡುವ ಹಾಗೆ ಹೇಳಿದ.

ಯಾರೂ ಯಾಕೆಂದು ಕೇಳಲಿಲ್ಲ. ಕೇಳಿದರೆ ಒತ್ತಾಯ ಮಾಡಿದಂತೆ ಎಂದು ತಂದೆ ಕೇಳಲಿಲ್ಲ. ಬೇಡ ಎಂದದ್ದು ತನ್ನನ್ನೇ ಎಂದು ತಾಯಿಗೆ ಅನಿಸಿರಬೇಕು. ಅವಳು ಕಣ್ಣು ಮುಚ್ಚಿ ತೆರೆದಳು.

“ಆಯ್ತು ಮಗ,” ಎಂದಳು. “ತಿಂಡಿ ತಿಂದ್ಯಾ?”

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಮಗ ಮಾತ್ರ ಅಂದಿನಿಂದ ಅವಳ ಕೋಣೆ ಬಿಟ್ಟು ಕದಲಲಿಲ್ಲ. ಡಬ್ಬಿಯನ್ನು ಮಂಚದ ಕೆಳಗಿನಿಂದ ತೆಗೆದು, ತಾನು ಮಲಗುವ ಚಾಪೆಯ ತಲೆಗೆ ಇಟ್ಟುಕೊಂಡ. ನೆಲ ಒರೆಸಲು ಚಂದ್ರಾವತಿ ಅದನ್ನು ಸರಿಸಹೋದರೆ ಅವಳ ಕೈ ತಳ್ಳಿದನಂತೆ. “ಬೇಡವಂತೆ, ಡಬ್ಬಿ ಮಾತ್ರ ಬೇಕಂತೆ. ತಂದೆಯ ಮಗ,” ಎಂದು ಅವಳು ನನ್ನ ಹತ್ತಿರ ದೂರಿದಳು. ನಾನು ಸಂಜೆ ದೀಪದ ಮುಂದೆ ಶಂಕರಿಗಾಗಿ ಕೇಳಿಕೊಳ್ಳುತ್ತಿದ್ದೆ. ಏನು ಕೇಳಬೇಕೆಂದು ತಿಳಿಯದೆ, ಉಸಿರು ಸಲೀಸಾಗಲಿ ಎಂದಷ್ಟೇ ಕೇಳುತ್ತಿದ್ದೆ.

ಮಳೆ ಹಿಡಿಯುವ ಮೊದಲೇ ಒಂದು ಬೆಳಗ್ಗೆ, ಗಂಜಿ ಕುಡಿಸುತ್ತಿದ್ದಾಗ ಅವಳು ಹೋದಳು. ಯಜ್ಞನಾರಾಯಣರು ಬಂದು ಮುಟ್ಟುವಾಗ ಸಂಜೆಯಾಗಿತ್ತು. ಉಪೇಂದ್ರ ಭಟ್ಟರನ್ನು ಕರೆಸಿದ್ದ. ಭಟ್ಟರು ಮಂತ್ರ ಹೇಳಿದರು. ಯಜ್ಞನಾರಾಯಣರು ಅದನ್ನು ಅವರ ಹಿಂದೆ ಮತ್ತೆ ಹೇಳಲಿಲ್ಲ, ಬೇಡವೆನ್ನಲೂ ಇಲ್ಲ. ಬೆಂಕಿಯನ್ನು ತಾವೇ ಕೊಟ್ಟು ಬಂದರು.

ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿದ ಗಂಡಸರು ಒದ್ದೆಬಟ್ಟೆಯಲ್ಲಿ ಜಗಲಿಗೆ ಬಂದಾಗ ಮೋಹನ ಚಂದ್ರಾವತಿಯ ಎದುರು ನಿಂತಿದ್ದ. ಕಂಕುಳಲ್ಲಿ ಡಬ್ಬಿ. ಅತ್ತಿರಲಿಲ್ಲ. ಮುಖ ಕೆಂಪಾಗಿತ್ತು. ಆ ದಿನ ಕನ್ನಡದಲ್ಲೇ ಮಾತಾಡಿದ.

“ಅತ್ತೆ, ನೀವು ಸುಳ್ಳು ಹೇಳಿದ್ದು.”

“ಎಂತ ಸುಳ್ಳು ಮಗ?”

“ನೀವು ಮಾವನ ಹತ್ರ ಹೇಳಿದ್ದು ನಾನು ಕೇಳಿದ್ದೇನೆ. ಅದೊಂದು ಭಿಕ್ಷೆ ಹಾಕುದಕ್ಕೇ ಅವಳು ಜೀವ ಹಿಡಿದುಕೊಂಡಿದ್ದಾಳೆ, ಅದು ಆದ್ರೆ ನೆಮ್ಮದಿಯಲ್ಲಿ ಹೋಗ್ತಾಳೆ ಅಂತ.” ಉಸಿರೆಳೆದುಕೊಂಡ. “ಅದು ಆಗ್ಲೇ ಇಲ್ಲವಲ್ಲ. ಅಕ್ಕಿ ಇಲ್ಲೇ ಉಂಟು. ನಾನು ಯಾರಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ. ಮತ್ತೆ ಅಮ್ಮ ಹೇಗೆ ಹೋದದ್ದು?”

ಚಂದ್ರಾವತಿ ಬಾಯಿಗೆ ಸೆರಗು ಒತ್ತಿ ಗೋಡೆಗೆ ಒರಗಿದಳು. ನಾನು ಯಜ್ಞನಾರಾಯಣರನ್ನು ನೋಡಿದೆ. ಅವರ ಪಂಚೆಯಿಂದ ನೀರು ಇಳಿಯುತ್ತಿತ್ತು. ಮಗನ ಹತ್ತಿರ ಬರಲು ಒಂದು ಹೆಜ್ಜೆ ಇಟ್ಟು ಅಲ್ಲೇ ಕೂತುಬಿಟ್ಟರು.

“ನನಗೆ ಹೇಳಬಹುದಿತ್ತಲ್ಲ ಮೋಹನ,” ಎಂದರು.

“ನೀವು ಬೇಕಾ ಬೇಡವಾ ಅಂತ ಮಾತ್ರ ಕೇಳಿದ್ದು,” ಎಂದ ಹುಡುಗ.

ಅವರು ಸೂತಕ ಮುಗಿಯುವವರೆಗೆ ಅಲ್ಲೇ ಇದ್ದರು. ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು ಕೇಳಿದರು. “ಅಕ್ಕ, ತಾಯಿ ಇಲ್ಲದಿದ್ದರೆ ಬೇರೆಯವರು ಹಾಕಬಹುದು ಅಲ್ಲವಾ? ನೀವು ಹಾಕ್ತೀರಾ? ಅವನಿಗೆ ಬೇಕಾದರೆ?”

“ಹಾಕ್ತೇನೆ,” ಎಂದೆ. “ಅವನನ್ನು ಕೇಳಿದಿರಾ?”

“ಕೇಳಲಿಕ್ಕೆ ಧೈರ್ಯ ಇಲ್ಲ,” ಎಂದರು.

ನನ್ನ ನಂಬಿಕೆಯಲ್ಲಿ ಹುಟ್ಟಿದ ಮಗುವಿಗೆ ತಾಯಿತಂದೆ ಒಂದು ದೇವರನ್ನು ತೋರಿಸಿಕೊಡಬೇಕು. ಮುಂದೆ ಬಿಡುವುದು ಅವನಿಗೆ ಬಿಟ್ಟದ್ದು. ಆದರೆ ಅಂದು ಅವರಿಗೆ ಅದನ್ನು ಹೇಳಲು ನಾಲಿಗೆ ಬರಲಿಲ್ಲ. ಅವರ ತಾಯಿಯ ಕೈ ಹಿಡಿಸಿದವರೂ ದೇವರನ್ನು ತೋರಿಸಿಯೇ ಹಿಡಿಸಿದ್ದರಲ್ಲ.

ಮರುವರ್ಷ ಕೆಲಸವಿದ್ದು ತಿರುವನಂತಪುರಕ್ಕೆ ಹೋದಾಗ ಪಟ್ಟಂನ ಮನೆಗೆ ಹೋದೆ. ಶಂಕರಿ ಹೋದ ತಿಥಿಯ ಸುಮಾರಿಗೆ ಬಂದಿದ್ದೇನೆಂದು ಅಲ್ಲಿಗೆ ಹೋದ ಮೇಲೆಯೇ ಹೊಳೆಯಿತು. ಗೋಡೆಯಲ್ಲಿ ಈಗಲೂ ಔಷಧದ ಕಂಪನಿಯ ಕ್ಯಾಲೆಂಡರ್. ಅಂಗಳದ ಬಿಸಿಲಲ್ಲಿ ಬಿಸ್ಕತ್ತಿನ ಡಬ್ಬಿ ಬೋರಲಾಗಿ ಒಣಗುತ್ತಿತ್ತು. ಒಲೆಯ ಮುಂದೆ ಯಜ್ಞನಾರಾಯಣರು ಹಳೆಯ ಅಕ್ಕಿಯ ಪಾಯಸ ತಿರುವುತ್ತಿದ್ದರು. ಪಕ್ಕದಲ್ಲಿ ಚಾಲ ಪೇಟೆಯಿಂದ ತಂದ ಹೊಸ ಅಕ್ಕಿಯ ಪೊಟ್ಟಣ.

“ಹುಳ ಹಿಡಿಯುತ್ತದೆ ಅಕ್ಕ,” ಎಂದರು, ನಾನು ಏನೂ ಕೇಳದಿದ್ದರೂ. “ಅವಳು ಹೀಗೇ ಮಾಡುತ್ತಿದ್ದದ್ದು.”

ಊಟಕ್ಕೆ ಕೂತಾಗ ಮೋಹನ ಎಲೆಯ ತುದಿಗೆ ಅಮ್ಮನ ಅಕ್ಕಿಯ ಪಾಯಸ ಬೀಳದಂತೆ ಕೈ ಅಡ್ಡ ಹಿಡಿದ. ಎತ್ತರವಾಗಿದ್ದ, ಮಾತು ಕಡಿಮೆಯಾಗಿತ್ತು. ತಂದೆ ಸೌಟನ್ನು ಹಿಂದಕ್ಕೆ ತೆಗೆದರು. ಬೇಕಾ ಬೇಡವಾ ಎಂದು ಕೇಳಲಿಲ್ಲ. ಮುಂದಕ್ಕೆ ಬಂದು ನನ್ನ ಎಲೆಗೆ ಬಡಿಸಿದರು.