ತೋಟದಲ್ಲಿ ಸಿಕ್ಕಿಕೊಂಡ ತೋಟಾ

ಬಂದೂಕಿನ ನಳಿಗೆಯಿಂದ ಗುಂಡು ಹೊರಬರುವುದರಲ್ಲಿ ವಿಶೇಷವೇನೂ ಇಲ್ಲ. ಅದು ಅದರ ಕುಲಧರ್ಮ. ಆದರೆ ಇರುವೆಗಳು ಹೊರಬರುವುದನ್ನು, ಅದೂ ಒಂದರ ಹಿಂದೊಂದು, ಯಾತ್ರೆ ಮುಗಿಸಿ ಪ್ರಸಾದ ಹೊತ್ತು ಮರಳುವ ಭಕ್ತರ ಗಾಂಭೀರ್ಯದಲ್ಲಿ ಹೊರಬರುವುದನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ. ಟಿಕೋಟಾದಲ್ಲಿ, ನನ್ನ ಸೋದರಮಾವ ಗುರುಪಾದಪ್ಪನವರ ತೋಟದ ಮನೆಯ ಪಡಸಾಲೆಯಲ್ಲಿ, ಒಂದು ಭಾನುವಾರ ಮುಂಜಾನೆ. ಚಹಾದ ಕಪ್ಪು ಹಿಡಿದು ನಾನು ಆ ಮೆರವಣಿಗೆಯನ್ನೇ ನೋಡುತ್ತಿದ್ದಾಗ ಮಾವ ಒಳಗಿನಿಂದ ಬಂದು, ಮನೆತನದ ಗುಟ್ಟು ಬಯಲಾದವರಂತೆ, ಬಂದೂಕಿನ ಮೇಲೆ ಮೆಲ್ಲಗೆ ಟವೆಲು ಹೊದಿಸಿದರು.

ಈ ಬಂದೂಕು ಅಜ್ಜನಿಂದ ಮಾವನಿಗೆ ಪರವಾನಿಗೆಯ ಸಮೇತ ಇಳಿದು ಬಂದದ್ದು. ಪರದೇಶದ ಸರಕು, ಸೆಮಿ ಆಟೊಮ್ಯಾಟಿಕ್, ಅಂದರೆ ಅರೆಸ್ವಯಂಚಾಲಿತ. ಒಂದು ತೋಟಾ ಹಾರಿದೊಡನೆ, ಆ ಹೊಡೆತದ ಬಲದಿಂದಲೇ ಖಾಲಿ ಚಿಪ್ಪನ್ನು ಪಕ್ಕದ ಕಿಂಡಿಯಿಂದ ಹೊರಗುಗುಳಿ, ಹೊಟ್ಟೆಯಲ್ಲಿಟ್ಟುಕೊಂಡ ಮುಂದಿನದನ್ನು ತಾನೇ ಬಾಯಿಗೆ ತಂದುಕೊಳ್ಳುವ ಜಾಣಯಂತ್ರ. ಕುದುರೆ, ಅಂದರೆ ಟ್ರಿಗರ್, ಎಳೆಯುವ ಕೆಲಸವಷ್ಟೇ ನಮ್ಮ ಪಾಲಿನ ಅರೆ. ತೋಟಾ ಎಂದರೆ ಕಾಡತೂಸು, ತೋಟ ಎಂದರೆ ದ್ರಾಕ್ಷಿಯ ಬನ. ಎರಡಕ್ಕೂ ನಡುವೆ ಒಂದು ದೀರ್ಘದ ಅಂತರ. ಮಾವನ ಬಾಳು ಎಷ್ಟೋ ವರ್ಷಗಳಿಂದ ಆ ದೀರ್ಘದ ಮೇಲೆಯೇ ನಡೆದಿತ್ತು.

ಹಣ್ಣು ಸಿಹಿಗೂಡುವ ಹೊತ್ತಿಗೆ ಕಬ್ಬಕ್ಕಿಗಳ ದಂಡು ಬರುತ್ತದೆ. ಮಾವ ಅವುಗಳನ್ನು ಕೊಲ್ಲುವವರಲ್ಲ. ಬರಿಯ ಆಕಾಶಕ್ಕೆ ಸಾಲಾಗಿ ಮೂರು ಸಲ ಹಾರಿಸುತ್ತಾರೆ. ದಂಡು ಹಾರಿ ಬಬಲೇಶ್ವರದ ದಿಕ್ಕಿಗೆ ಹೊರಟು, ನಿಡೋಣಿಯಲ್ಲಿ ನಮ್ಮ ಅತ್ತೆ ಶಾಂತವ್ವನ ತಮ್ಮನ ತೋಟದಲ್ಲಿ ಇಳಿಯುತ್ತದೆಂದು ಅತ್ತೆಯ ಬಲವಾದ ನಂಬಿಕೆ. ಆತ ಅಲ್ಲಿ ಡಬ್ಬಿ ಬಾರಿಸಿ ಅವನ್ನು ಮರಳಿ ಕಳಿಸುತ್ತಾನೆ. ಹೀಗೆ ಎರಡು ಮನೆತನಗಳ ನಡುವೆ ಹಕ್ಕಿಗಳು ಹಬ್ಬದ ಉಡುಗೊರೆಯಂತೆ ಓಡಾಡುತ್ತಿದ್ದವು. “ತವರಿಗೆ ಕುಬಸದ ಖಣ ಕಳಸೂದು ಕೇಳೇನಿ,” ಎನ್ನುತ್ತಿದ್ದಳು ಅತ್ತೆ, “ಹಕ್ಕಿ ಕಳಸೂದು ಈ ಮನಿಯಾಗ ನೋಡಿದೆ.”

ಆ ವರ್ಷ ಬಂದೂಕು ಕೈಕೊಟ್ಟಿತು. ಮೊದಲ ಸದ್ದು ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಖಾಲಿ ಚಿಪ್ಪು, ಹೊಸ್ತಿಲಲ್ಲೇ ನಿಂತು ಮಾತಿಗಿಳಿಯುವ ಬೀಗರಂತೆ, ಒಳಗೂ ಹೋಗದೆ ಹೊರಗೂ ಬೀಳದೆ ಕಿಂಡಿಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತಿತ್ತು. ಹಕ್ಕಿಗಳಿಗೆ ಇದು ಬೇಗ ತಿಳಿಯಿತು. ಮೊದಮೊದಲು ಹಾರಿ ಒಂದು ಸುತ್ತು ಹಾಕಿ ಬಂದು ಕೂಡುತ್ತಿದ್ದವು. ಆಮೇಲೆ ಕೂತಲ್ಲಿಂದಲೇ ಕೊರಳು ತಿರುಗಿಸಿ ಮಾವನನ್ನು ನೋಡಿ ಮತ್ತೆ ಊಟಕ್ಕೆ ತೊಡಗುತ್ತಿದ್ದವು.

ನನ್ನನ್ನು ಕರೆಸಿದ್ದು ಇದಕ್ಕೇ. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೂ ಬಂದೂಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವೆಂದರೆ ನನ್ನ ಮೊಬೈಲು. ಓದಿದವನಾದ್ದರಿಂದ ಹುಡುಕಿ ಹೇಳುತ್ತಾನೆಂದು ಮಾವನ ನಂಬುಗೆ. ಒಮ್ಮೆ ನಾನು ಮನೆಯ ಮಿಕ್ಸರ್ ರಿಪೇರಿ ಮಾಡಿದ ಮೇಲೆ ಅದು ಚಟ್ನಿ ಅರೆಯುವುದನ್ನು ಬಿಟ್ಟು ಮೇಜಿನ ಮೇಲೆ ಸಂಚಾರ ಮಾಡುವುದನ್ನು ಕಲಿತ ಸಂಗತಿ ಅವರ ಕಿವಿಗೆ ಬಿದ್ದಿರಲಿಲ್ಲ.

ಆದರೂ ಅವರು ಆಡಿದ ಇನ್ನೊಂದು ಮಾತು ನನ್ನನ್ನು ಕೂರಗೊಡಲಿಲ್ಲ. “ಈ ಸಲ ಹಣ್ಣ ಇಳದ ಮ್ಯಾಲ ಬಳ್ಳಿ ಎಲ್ಲಾ ಕಡಸಿ ಬಿಡೂಣು ಅಂತ ಮಾಡೇನಿ,” ಎಂದರು, ಹಲ್ಲು ಕೀಳಿಸುವ ವಿಚಾರವನ್ನು ಹೇಳುವಷ್ಟು ತಣ್ಣಗೆ. ಬಂದೂಕಿನ ಅಜೀರ್ಣಕ್ಕೆ ದ್ರಾಕ್ಷಿತೋಟವನ್ನೇ ಕಡಿಸುವ ಚಿಕಿತ್ಸೆ ಯಾವ ವೈದ್ಯಶಾಸ್ತ್ರದಲ್ಲಿದೆ? ಅತ್ತೆ ಆ ಮಾತು ಕೇಳಿ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಎಂದಿಗಿಂತ ಜೋರಾಗಿತ್ತು.

ಮೊಬೈಲಿನಲ್ಲಿ ಯಾವ ದೇಶದವನೋ ಒಬ್ಬ ಗಡ್ಡದ ಮಹಾಶಯ, ಇಂಥ ಬಂದೂಕು ಸಿಕ್ಕಿಕೊಂಡರೆ ಮೊದಲು ಕೊಳೆ ನೋಡಿ, ಆಮೇಲೆ ತೋಟಾದ ಬಲ ನೋಡಿ ಎಂದ. ಕೊಳೆಯ ಬಗ್ಗೆ ಇರುವೆಗಳೇ ಸಾಕ್ಷಿ ನುಡಿದಿದ್ದವು. ವಿಚಾರಿಸಿದರೆ, ಮಾವ ಬಂದೂಕಿಗೆ ಹಚ್ಚಿದ್ದು ಮನೂಕದ ಎಣ್ಣೆ. ಒಣದ್ರಾಕ್ಷಿ ಮಾಡುವಾಗ ಹಸಿ ಗೊಂಚಲುಗಳನ್ನು ಅದ್ದಿ ತೆಗೆಯುತ್ತಾರಲ್ಲ, ಅದರಲ್ಲಿ ಉಳಿದದ್ದು. “ಎಣ್ಣಿ ಎಣ್ಣೀನ ಅಲ್ಲೇನೋ?” ಎಂದರು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಹಣ್ಣಿನ ರಸ ಬೆರೆತ ಆ ಎಣ್ಣೆ ಒಣಗಿ ಅಂಟಾಗಿ, ಬಂದೂಕಿನ ಒಳಾಂಗವೆಲ್ಲ ಬಾಣಂತಿಯ ಅಂಟಿನುಂಡೆಯಂತಾಗಿತ್ತು.

ಮಾವನನ್ನೂ ಚೀಲದಲ್ಲಿ ಮಲಗಿಸಿದ ಬಂದೂಕನ್ನೂ ಕಾರಿನಲ್ಲಿ ಕೂರಿಸಿಕೊಂಡು ವಿಜಯಪುರಕ್ಕೆ, ಬಂದೂಕು ರಿಪೇರಿಯ ದಸ್ತಗೀರ ಸಾಹೇಬರಲ್ಲಿಗೆ ಹೋದೆ. ವಿನಯವೆಂಬುದು ಸಾಹೇಬರ ಅಂಗಡಿಯಲ್ಲಿ ಸಿಗದ ಒಂದೇ ಬಿಡಿಭಾಗ. ಹುರಿಮೀಸೆಯ ಮನುಷ್ಯ, ಬಿಳಿಯ ಬಟ್ಟೆ ಹಾಸಿ ಬಂದೂಕನ್ನು ಬಿಚ್ಚಿ, ಮೂಗಿಗೆ ಹಿಡಿದು ಮೂಸಿ, “ಇದಕ್ಕ ಪಿಸ್ತಾ ಬಾದಾಮಿನೂ ಹಾಕಬೇಕಾಗಿತ್ರಿ,” ಎಂದರು. ಸೀಮೆಎಣ್ಣೆಯಲ್ಲಿ ತೊಳೆದರು. ಒಳಗಿನ ಒಂದು ಉಂಗುರ ತಿರುವುಮುರುವಾಗಿ ಕೂತಿದೆಯೆಂದು ಕಂಡುಹಿಡಿದು ಸರಿಮಾಡಿದರು. ಮಾವ ತಂದಿದ್ದ ತೋಟಾಗಳು ಹಗುರ, ಇವಕ್ಕೆ ಬಂದೂಕನ್ನು ಒದೆಯುವ ತಾಕತ್ತಿಲ್ಲ ಎಂದು ಭಾರದ ತೋಟಾ ತರಿಸಲು ಹೇಳಿದರು. “ಇನ್ನ ಇದು ಸಿಕ್ಕಿಬಿದ್ರ ನನ್ನ ಮೀಸಿ ತಗಸ್ತೇನಿ,” ಎಂದು ಪ್ರಮಾಣ ಮಾಡಿ ಕಳಿಸಿದರು.

ಮರುದಿನ ಮಾವ ಭಾರದ ತೋಟಾ ತುಂಬಿ ಹಾರಿಸಿದರು. ಸಿಕ್ಕಿಬಿತ್ತು.

ಫೋನಿನಲ್ಲಿ ಸುದ್ದಿ ಕೇಳಿದ ಸಾಹೇಬರು ಮೀಸೆಯ ರಕ್ಷಣೆಗಾಗಿ ಸ್ವತಃ ಸ್ಕೂಟರ್ ಹತ್ತಿ ಟಿಕೋಟಾಕ್ಕೆ ಬಂದರು. ತೋಟದ ಹಿಂದಿನ ಬಯಲಿನಲ್ಲಿ ಪರೀಕ್ಷೆ ನಡೆಯಿತು. ಮೊದಲು ಸಾಹೇಬರು ಹಾರಿಸಿದರು: ಮೂರು ಸದ್ದು, ಮೂರು ಚಿಪ್ಪುಗಳು ಬಲಕ್ಕೆ ಚಿಮ್ಮಿ ಬಿದ್ದವು. ಮಾವ ಹಾರಿಸಿದರು: ಒಂದೇ ಸದ್ದು, ಚಿಪ್ಪು ಕಿಂಡಿಯಲ್ಲಿ. ಆಮೇಲೆ ನನ್ನ ಸರದಿ. ನಾನು ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು, ಕುದುರೆ ಎಳೆಯುವ ಮೊದಲೇ ಒಂದು ಹೆಜ್ಜೆ ಹಿಂದೆ ಸರಿದೆನಂತೆ. ನನಗೂ ಸಿಕ್ಕಿಬಿತ್ತು. ಮಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಸಣ್ಣ ನಗೆಯೊಂದು ಮೂಡಿತು. ಸೋಲಿನಲ್ಲಿ ಜೊತೆ ಸಿಕ್ಕರೆ ಅದು ಅರ್ಧ ಗೆಲುವು.

ಸಾಹೇಬರು ಮೀಸೆ ತಿರುವಿದರು. “ಈ ಬಂದೂಕ ಒದಿಯಾಕ ಹಿಂದ ಒಂದು ಗ್ವಾಡಿ ಬೇಕ್ರಿ. ಭುಜಾನ ಗ್ವಾಡಿ. ಗ್ವಾಡೀನ ಹಿಂದ ಸರದ್ರ, ಅದರ ತಾಕತ್ತೆಲ್ಲ ನಿಮ್ಮನ್ನ ದೂಡೂದ್ರಾಗ ಹೋಗತೈತಿ. ಚಿಪ್ಪ ಒಗಿಯಾಕ ಏನು ಉಳೀತೈತಿ? ಮಾಸ್ತರ್ ಅಂಜತಾರ, ಅದಕ್ಕ ಸಿಕ್ಕಿಬೀಳತೈತಿ. ಗೌಡ್ರೂ ಈಗೀಗ ಅಂಜಾಕತ್ತಾರ.”

ನನ್ನ ವಿಷಯದಲ್ಲಿ ಅದು ಸತ್ಯದ ಮಾತು, ನಾನು ತಲೆದೂಗಿದೆ. ಮಾವನಿಗೆ ಮಾತ್ರ ಅದು ಚುಚ್ಚಿತು. “ನಾ ಅಂಜೂ ಮನಷ್ಯಾ ಅಲ್ಲ ಸಾಹೇಬ್ರ,” ಎಂದವರೇ ಪಂಪಿನ ಮನೆಯ ಕಟ್ಟೆಗೆ ಹೋಗಿ, ನಮಗೆ ಬೆನ್ನು ಮಾಡಿ ಕೂತುಬಿಟ್ಟರು.

ಅಲ್ಲಿಯವರೆಗೆ ಬದುವಿನ ಮೇಲೆ ನಿಂತು ನೋಡುತ್ತಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು, “ತರ್ರಿ ಇಲ್ಲೆ,” ಎಂದು ಬಂದೂಕು ಇಸಿದುಕೊಂಡಳು. ಕಾನೂನು ಬಲ್ಲ ಓದುಗರು ಮುಂದಿನ ವಾಕ್ಯವನ್ನು ದಯವಿಟ್ಟು ಕಣ್ಣು ಮುಚ್ಚಿ ಓದಬೇಕು. ಜನ್ಮದಲ್ಲಿ ಬಂದೂಕು ಮುಟ್ಟದ ಅತ್ತೆ, ಸಾಹೇಬರು ಹೊಸದಾಗಿ ತುಂಬಿಕೊಟ್ಟು ತೋರಿಸಿದಂತೆ ಹಿಡಿದು, ಒಲೆಯ ಮುಂದೆ ಕೂತಷ್ಟೇ ಸ್ಥಿರವಾಗಿ ನಿಂತು, ಮೂರೂ ತೋಟಾಗಳನ್ನು ಆಕಾಶಕ್ಕೆ ಹಾರಿಸಿದಳು. ಚಿಪ್ಪುಗಳು ವಿಧೇಯವಾಗಿ ಹೊರಗೆ ಬಿದ್ದವು. ಸಾಹೇಬರು “ಮಾಶಾಲ್ಲಾ” ಎಂದರು.

ಅತ್ತೆಗೆ ಆ ಪ್ರಶಂಸೆ ಕೇಳಿಸಲಿಲ್ಲ. ಒದೆ ತಿಂದ ತನ್ನ ಬಲಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಕಟ್ಟೆಯತ್ತ ನೋಡಿದಳು. ಕೂತಿದ್ದ ಮಾವನ ಎಡಗೈಯೂ ಅದೇ ಜಾಗವನ್ನು ಅದೇ ರೀತಿ ಒತ್ತುತ್ತಿತ್ತು. ಬಂದೂಕನ್ನು ಸಾಹೇಬರಿಗೆ ಕೊಟ್ಟು ಆಕೆ ನೇರ ಹೋಗಿ ಅವರ ಮುಂದೆ ನಿಂತಳು.

“ಬಲಗೈ ಮ್ಯಾಲ ಎತ್ತ್ರಿ.”

“ಯಾಕ?”

“ಎತ್ತ್ರಿ ಅಂದ್ನೆಲ್ಲ.”

ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಎಡಗೈ ಮೆಲ್ಲಗೆ ಅದರ ಮೊಳಕೈಗೆ ಆಸರೆಯಾಗಿ ಬಂದು, ಇನ್ನಷ್ಟು ಎತ್ತಲು ನೋಡಿ, ಸೋತಿತು. ಹಣೆಯ ಮೇಲೆ ಬೆವರು ಕಾಣಿಸಿತು.

“ಯಾವಾಗಿಂದ?” ಎಂದಳು ಅತ್ತೆ.

“ಹ್ವಾದ ಸಲ ಬಳ್ಳಿ ಕತ್ತರಸಿದಾಗಿಂದ.” ಆಮೇಲೆ ಮಾವ, ಯಾರಿಗೂ ಹೇಳದಂತೆ, ಮುಂದಿನ ಚಪ್ಪರಕ್ಕೆ ಹೇಳಿದರು: “ದ್ರಾಕ್ಷಿ ಅಂದ್ರ ಎಲ್ಲಾ ತಲಿ ಮ್ಯಾಲಿನ ಕೆಲಸ. ಕೈ ಎತ್ತಾಕ ಬರದಾಂವಗ ದ್ರಾಕ್ಷಿ ಯಾಕ?”

ತಂತಿಯ ಚಪ್ಪರದ ಮೇಲೆ ಹಬ್ಬಿದ ಬಳ್ಳಿಯನ್ನು ಕತ್ತರಿಸಲಿ, ಗೊಂಚಲು ತಿದ್ದಲಿ, ಕೈ ಮೇಲೆಯೇ ಇರಬೇಕು. ಅಷ್ಟು ದಿನ ಆ ಮನುಷ್ಯ ಆಳುಗಳ ಮೇಲೆ ಸಿಟ್ಟು ಮಾಡಿ, ಬಂದೂಕಿನ ಮೇಲೆ ಗೂಬೆ ಕೂರಿಸಿ, ತನ್ನ ಭುಜವನ್ನು ಮುಚ್ಚಿಟ್ಟುಕೊಂಡಿದ್ದರು. ಒದೆ ಬೀಳುವ ಕ್ಷಣದಲ್ಲಿ ಆ ಭುಜ ತಾನಾಗಿ ಹಿಂದೆ ಸರಿಯುತ್ತಿತ್ತು. ಮನೆಯವರಿಗೆ ಹೇಳದ್ದನ್ನು ಬಂದೂಕಿನಿಂದ ಮುಚ್ಚಿಡಲಾಗಿರಲಿಲ್ಲ.

ಅತ್ತೆ ಪಕ್ಕದಲ್ಲಿ ಕೂತಳು. “ತ್ವಾಟಾನ ಕಡಸ್ತೇನಿ ಅನ್ನಾಕ ಬಂತು,” ಎಂದಳು, “ಕೈ ನೋಯತೈತಿ ಅನ್ನಾಕ ಬರಲಿಲ್ಲ.” ಸಾಹೇಬರು ಏನಾದರೂ ಮಾಡಬೇಕೆಂದು ಖಾಲಿ ಬಂದೂಕನ್ನೇ ಮತ್ತೆ ಮತ್ತೆ ತೆರೆದು ನೋಡಿದರು. ಆಮೇಲೆ ಕಟ್ಟೆಯ ಹತ್ತಿರ ಹೋಗಿ, “ತಪ್ಪ ಮಾತಾಡಿದೆ ಗೌಡ್ರ,” ಎಂದರು. ಮೀಸೆ ಅಷ್ಟು ಇಳಿದದ್ದನ್ನು ನಾನು ನೋಡಿದ್ದು ಅಂದೇ.

ಆಮೇಲಿನದು ವಿಜಯಪುರದ ಫಿಜಿಯೋಥೆರಪಿಯ ಕತೆ. ಬೀಗ ಬಿದ್ದ ಕೀಲನ್ನು ಸಡಿಲಿಸಲು ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲೇರಬೇಕು. ಊರಿಗೆಲ್ಲ ಹಿರಿಯರಾದ ಗುರುಪಾದಪ್ಪನವರು ದಿನವೂ ಪಡಸಾಲೆಯ ಗೋಡೆಗೆ ಮುಖ ಮಾಡಿ, ಸಾಲೆಯಲ್ಲಿ ಶಿಕ್ಷೆಗೊಳಗಾದವರಂತೆ ನಿಂತು, ಬೆರಳ ನಡಿಗೆ ಮಾಡುತ್ತಿದ್ದರು. ಅತ್ತೆ ಹಿಂದೆ ಕುರ್ಚಿ ಹಾಕಿ ಕೂತು, “ಇನ್ನೂ ಮ್ಯಾಲ,” ಎನ್ನುತ್ತಿದ್ದಳು. ಬಳ್ಳಿ ಕಡಿಸುವ ಮಾತನ್ನು ಯಾರೂ ಎತ್ತಲಿಲ್ಲ. ಹಕ್ಕಿ ಬಂದಾಗ ಮಾವ ಬಂದೂಕು ಹಿಡಿದರೆ, ಅತ್ತೆ ಹಿಂದಿನಿಂದ ಎರಡೂ ಅಂಗೈಗಳನ್ನು ಅವರ ಭುಜಕ್ಕೆ ಒತ್ತಿ ನಿಲ್ಲುತ್ತಿದ್ದಳು. ಗೋಡೆ ಗಟ್ಟಿಯಾಗಿತ್ತು, ಚಿಪ್ಪು ಒಮ್ಮೆಯೂ ಸಿಕ್ಕಲಿಲ್ಲ.

ಮುಂದಿನ ಹಂಗಾಮಿನ ಹೊತ್ತಿಗೆ, ಮಾವನನ್ನು ಕೊನೆಯ ಸಲ ವೈದ್ಯರಲ್ಲಿಗೆ ಕರೆದೊಯ್ದವನು ನಾನು. ವೈದ್ಯರು ಮಾವನ ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, ಪೂರ್ತಿ ಗುಣವಾಗಿದೆ, ಇನ್ನು ಬರುವುದು ಬೇಡ ಎಂದರು. ಮರಳುವಾಗ ಟಿಕೋಟಾದ ಮನೆಗಳು ಕಾಣತೊಡಗಿದಾಗ ಮಾವ ಕಿಟಕಿಯತ್ತ ಮುಖ ಮಾಡಿ ಹೇಳಿದರು: “ಡಾಕ್ಟರ್ ಹೇಳಿದ್ದು ನಿಮ್ಮ ಅತ್ತಿ ಮುಂದ ಹೇಳಬ್ಯಾಡ. ಇನ್ನೂ ಸ್ವಲ್ಪ ನೋವೈತಿ ಅನ್ನು.”

ಅಂದೇ ಸಂಜೆ ಹಕ್ಕಿಯ ದಂಡು ಇಳಿಯಿತು. ಮಾವ ಬಂದೂಕು ತೆಗೆದುಕೊಂಡು ಬದುವಿನ ಮೇಲೆ ನಿಂತರು. ಅತ್ತೆ ಕರೆಯದೆಯೇ ಬಂದು, ಹಿಂದೆ ನಿಂತು, ಅಂಗೈಗಳನ್ನಿಟ್ಟಳು. ಎರಡು ಸದ್ದಿಗೇ ಇಡೀ ದಂಡು ಎದ್ದು ಬಬಲೇಶ್ವರದ ಕಡೆಗೆ ಕರಗಿ ಹೋಯಿತು. ಮಾವ ಬಂದೂಕು ಇಳಿಸಲು ಹೊರಟರು. ಅತ್ತೆ ಕೈ ತೆಗೆಯಲಿಲ್ಲ.

“ಇನ್ನೊಂದು ಹೊಡೀರಿ,” ಎಂದಳು. “ಅಲ್ಲೆ ಒಂದು ಹಕ್ಕಿ ಕುಂತಂಗ ಕಾಣತೈತಿ.”

ನಾನು ಅತ್ತ ಕಡೆ ಬಹಳ ಹೊತ್ತು ನೋಡಿದೆ. ಚಪ್ಪರದ ಮೇಲಾಗಲಿ, ತಂತಿಯ ಮೇಲಾಗಲಿ, ಆ ತಿಳಿಯಾದ ಆಕಾಶದಲ್ಲಾಗಲಿ, ಒಂದು ಹಕ್ಕಿಯೂ ಇರಲಿಲ್ಲ.