ಹಾರುತ್ತಿದ್ದ ಪೈಲ್ವಾನ

ಯಶವಂತಪುರದ ವಠಾರದಲ್ಲಿ ನನ್ನ ಪಕ್ಕದ ಮನೆಯವರನ್ನು ಎಲ್ಲರೂ ಪೈಲ್ವಾನ್ರು ಅಂತಲೇ ಕರೆಯುತ್ತಿದ್ದರು. ನಾನು ಬಾಡಿಗೆಗೆ ಬರುವ ಹೊತ್ತಿಗಾಗಲೇ ರೈಲಿಗೆ ಸಿಕ್ಕಿ ಅವರ ಎಡಗಾಲು ಹೋಗಿತ್ತು. ಅದರ ಜಾಗದಲ್ಲಿ ಮರದ ಕಾಲು, ತುದಿಗೆ ಮೊಳೆ ಹೊಡೆದು ಕೂರಿಸಿದ ಬೂಟು. ಏನು ಕೇಳಿದರೂ "ಇರ್ಲಿ ಬಿಡಿ" ಅನ್ನುತ್ತಿದ್ದರು. ಆ ಮಾತು ಕೇಳಿದರೇ ನನಗೆ ಸಿಟ್ಟು.

ಸಂಜೆ ಜಗಲಿಯಲ್ಲಿ ಕೂತು, ಬ್ರಷ್ ಹಿಡಿದು ಚಿತ್ರಕಥೆ ಬರೆಯುತ್ತಿದ್ದರು. ಬ್ರಿಟಿಷರು ದೇಶ ಬಿಟ್ಟು ಹತ್ತು ವರ್ಷವಾಗಿದ್ದರೂ ಪೈಲ್ವಾನ್ರ ಕಥೆಯ ಬೆಂಗಳೂರನ್ನು ಇನ್ನೂ ಅವರೇ ಆಳುತ್ತಿದ್ದರು. ಆ ಕಥೆಯಲ್ಲಿ, ಒಂದು ಕಾಲಕ್ಕೆ ಆಕಾಶದಲ್ಲಿ ಹಾರಿ ಬ್ರಿಟಿಷರನ್ನು ನಡುಗಿಸಿದ್ದ ಪೈಲ್ವಾನನೊಬ್ಬ ಈಗ ಒಂಟಿಕಾಲಲ್ಲಿ ಮೂಲೆ ಹಿಡಿದಿದ್ದ.

"ದೇಶದ ಚರಿತ್ರೆನೇ ತಿರುಗಿಸಿದೀರ, ಅವನಿಗೊಂದು ಕಾಲು ಕೊಡಬಾರದೇನ್ರೀ?" ಅಂದೆ.

"ಇರ್ಲಿ ಬಿಡಿ."

ನಾಗರಪಂಚಮಿಯ ಗರಡಿ ಪೂಜೆಗೆ ಕುಸ್ತಿ ಕಲಿಸಿದ್ದ ಹಳೇ ಉಸ್ತಾದರು ಪೈಲ್ವಾನ್ರಿಗೆ ಹೇಳಿಕಳಿಸಿದರು. ನಾನೂ ಜೊತೆಗೆ ಹೋದೆ. ಗರಡಿಯ ಕೆಮ್ಮಣ್ಣನ್ನು ಯಾರೂ ಮೆಟ್ಟಿನ ಕಾಲಲ್ಲಿ ತುಳಿಯುವಂತಿಲ್ಲ. ಬಾಗಿಲ ಮುಂದೆ ಚಪ್ಪಲಿಗಳು ಸಾಲಾಗಿ ಬಿದ್ದಿದ್ದವು. ಹೊಸದಾಗಿ ಸೇರಿದ್ದ ತರುಣನೊಬ್ಬ, ಪಂಚೆಯಂಚಿನ ಕೆಳಗೆ ಕಂಡಷ್ಟನ್ನೇ ನೋಡಿ, "ಬೂಟ್ ಬಿಚ್ಚಿ ಬನ್ನಿ ಅಣ್ಣಾ" ಅಂದ.

ಪೈಲ್ವಾನ್ರ ಕೈ, ಮರದ ಕಾಲನ್ನು ತೊಡೆಗೆ ಬಿಗಿದ ಪಟ್ಟಿಯವರೆಗೆ ಹೋಗಿ ಅಲ್ಲೇ ನಿಂತಿತು. "ಇರ್ಲಿ ಬಿಡಿ" ಅಂದವರು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ತಿರುಗಿದರು.

ಆ ವಾರ ಬರೆದದ್ದು ಒಂದೇ ಚಿತ್ರ. ಗರಡಿಯ ಬಾಗಿಲು, ಚಪ್ಪಲಿಗಳ ಸಾಲು, ಸಾಲಿನ ಕೊನೆಯಲ್ಲಿ ಬೂಟು ಸಮೇತ ಒಂದು ಮರದ ಕಾಲು.

"ನಿಮ್ಮ ಪೈಲ್ವಾನ ಎಲ್ಲಿ?" ಅಂದೆ.

ಬ್ರಷ್ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಒಳಗಿದಾನೆ."